ಎರಡನೆಯ ಆಮೆ

ಶವಕ್ಕೆ ಹೊದಿಸಲು ಬಿಳಿ ಬಟ್ಟೆ ಹುಡುಕುತ್ತಾ ಅತ್ತೆಯ ಬೀರುವನ್ನು ಕೆದಕುತ್ತಿದ್ದ ಸೊಸೆಯ ಕೈಗೆ ಒಂದು ಆಮೆ ಸಿಕ್ಕಿತು. ಹಳೆಯ ರಜಾಯಿಯನ್ನು ಕತ್ತರಿಸಿ, ಹತ್ತಿ ತುಂಬಿ, ಬೆನ್ನಿಗೆ ಕಟ್ಟಲು ಲಾಡಿ ಇಟ್ಟು ಹೊಲಿದ ಆಮೆಚಿಪ್ಪು. ಮುಂದಿನ ವಾರ ಮಗಳ ಶಿಶುವಿಹಾರದಲ್ಲಿ ಮಕ್ಕಳಿಗೆಲ್ಲ ವೇಷ ಹಾಕಿಸುವವರಿದ್ದರು. ಅಂಗಡಿಯಲ್ಲಿ ಬೆಲೆ ಕೇಳಿ ಹೌಹಾರಿ ಬಂದ ಸೊಸೆಗೆ ಅತ್ತೆ, "ನಾನಿಲ್ವೇನೆ?" ಎಂದಿದ್ದರು. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ.

ಸೊಸೆ ಆಮೆಯನ್ನು ಎದೆಗೊತ್ತಿಕೊಂಡು ಬೀರುವಿನೊಳಗೆ ಇನ್ನಷ್ಟು ಕೈ ಹಾಕಿದಳು. ಅಲ್ಲಿ ಇನ್ನೊಂದು ಆಮೆ ಇತ್ತು. ಅದೇ ರಜಾಯಿ, ಅದೇ ಅಳತೆ, ಅದೇ ಲಾಡಿ. ಈ ಮನೆಯಲ್ಲಿದ್ದದ್ದು ಒಂದೇ ಮಗು.

"ಬಟ್ಟೆ ಸಿಕ್ತೇನೆ?" ಎನ್ನುತ್ತಾ ಒಳಗೆ ಬಂದರು ದೊಡ್ಡಮ್ಮ. ತೀರಿಕೊಂಡವರ ಅಕ್ಕ. ಅತ್ತತ್ತು ಅವರ ಮೂಗು ಕೆಂಪಾಗಿತ್ತು, ಕಣ್ಣು ಮಾತ್ರ ಚುರುಕಾಗಿಯೇ ಇತ್ತು. "ಎರಡ್ಯಾಕೆ ಹೊಲಿದಿದ್ದಾಳೆ?"

"ನಂಗೇನು ಗೊತ್ತು ದೊಡ್ಡಮ್ಮ?"

"ನನ್ನ ತಂಗಿ ಒಂದು ತುಂಡು ದಾರಾನೂ ಸುಮ್ನೆ ಎಸೆದೋಳಲ್ಲ. ಕಾರಣ ಇಲ್ದೆ ಎರಡೆರಡು ಹೊಲೀತಾಳಾ?" ದೊಡ್ಡಮ್ಮ ದನಿ ತಗ್ಗಿಸಿದರು. "ಹೊರಗೆ ಒಬ್ಳು ಕೂಸು ಎತ್ಕೊಂಡು ಬಂದು ಮೂಲೇಲಿ ನಿಂತಿದ್ದಾಳೆ. ನಮ್ಮವರ ಪೈಕಿ ಅಲ್ಲ. ನೋಡು ಹೋಗು."

ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ದೊಡ್ಡಮ್ಮನದು ಎತ್ತಿದ ಕೈ ಎಂದು ಸೊಸೆಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೋಗಿ ನೋಡಿದಳು.

ನಡುಮನೆಯಲ್ಲಿ ಅತ್ತೆಯ ಸುತ್ತ ಜನ ಕೂತಿದ್ದರು. ಗೋಡೆಗೊರಗಿ ನಿಂತಿದ್ದ ಯುವತಿಯ ಕಂಕುಳಲ್ಲಿ ಒಂದು ಹೆಣ್ಣುಮಗು. ತನ್ನ ಮಗಳಷ್ಟೇ ವಯಸ್ಸು, ಅಷ್ಟೇ ಎತ್ತರ. ಮೈಮೇಲೆ ನೀಲಿ ಚೌಕಳಿಯ ಫ್ರಾಕು. ಎದೆಯ ಮೇಲೊಂದು ಜೇಬು, ಜೇಬಿನ ಮೂಲೆಯಲ್ಲಿ ಶಾಯಿಯ ಕಲೆ. ಸೊಸೆಯ ಕಾಲು ಅಲ್ಲೇ ನಿಂತುಬಿಟ್ಟಿತು. ಮದುವೆಯಾದ ಹೊಸದರಲ್ಲಿ ಅವಳೇ ಆರಿಸಿ ತಂದು ಗಂಡನಿಗೆ ಕೊಟ್ಟಿದ್ದ ಶರ್ಟಿನ ಬಟ್ಟೆ ಅದು. ಎಲ್ಲೋ ಕಳೆದುಹೋಯಿತು ಎಂದಿದ್ದ ಅವನು.

ಅಷ್ಟರಲ್ಲಿ ಗಂಡ ಬಾಗಿಲಿನಿಂದ ಬಂದ. ಮಗು ಕಂಕುಳಿಂದ ಜಾರಿ ಇಳಿದು, ನೆರೆದವರ ಕಾಲುಗಳ ನಡುವೆ ನುಸುಳಿ, ಅವನ ಪ್ಯಾಂಟು ಹಿಡಿದುಕೊಂಡಿತು. ಅವನು ತಲೆ ಸವರಿ, ಎತ್ತಿ, ಅದರ ಅಮ್ಮನ ಕೈಗೆ ಕೊಟ್ಟ. ಅವರಿಬ್ಬರೂ ಏನೋ ಪಿಸುಗುಟ್ಟಿಕೊಂಡರು. ಹೆಂಡತಿಯ ಕಡೆ ತಿರುಗಿದವನು ಕೂಡಲೇ ಮುಖ ಬೇರೆಡೆ ಹೊರಳಿಸಿದ.

"ಮೂಗು ನೋಡಿದ್ಯಾ?" ಎಂದರು ದೊಡ್ಡಮ್ಮ ಕಿವಿಯ ಹತ್ತಿರ. ಮಗುವಿನ ಮೂಗು ಎಲ್ಲ ಮಕ್ಕಳ ಮೂಗಿನಂತೆಯೇ ಇತ್ತು. ಆದರೆ ಒಮ್ಮೆ ಹಾಗೆಂದ ಮೇಲೆ ಸೊಸೆಗೆ ಅದು ಗಂಡನ ಮೂಗಾಗಿಯೇ ಕಾಣತೊಡಗಿತು.

* * *

ಪಿನ್ನಿನ ರಾದ್ಧಾಂತ ಆದದ್ದು ಮಗಳು ನಡೆಯಲು ಕಲಿತ ಹೊಸದರಲ್ಲಿ. ಹರಿದ ಕೊಡೆಯ ಬಟ್ಟೆಯಿಂದ ಬಾವಲಿಯ ರೆಕ್ಕೆ ಮಾಡಿ, ಮಗುವಿಗೆ ತೊಡಿಸಿ, ಅತ್ತೆ ಪಿನ್ನು ಹಾಕುತ್ತಿದ್ದರು. ಒಂದು ಕಡೆ ನಿಲ್ಲುವ ಜಾಯಮಾನದ ಮಗುವಲ್ಲ ಅದು. ಗಿರಕಿ ಹೊಡೆಯಿತು, ಪಿನ್ನು ತೋಳಿಗೆ ಗೀರಿತು. ರಕ್ತ ಕಂಡದ್ದೇ ತಡ, ಸೊಸೆ ಮನೆಯನ್ನು ತಲೆಯ ಮೇಲೆ ಹೊತ್ತಳು.

"ಇನ್ಮೇಲೆ ನನ್ನ ಮಗೂನ ಅಳತೆಗೆ ನಿಲ್ಲಿಸ್ಬೇಡಿ ಅತ್ತೆ. ಪಿನ್ನೂ ಬೇಡ, ಟೇಪೂ ಬೇಡ."

ಅತ್ತೆ ಮೊಮ್ಮಗಳನ್ನು ಮತ್ತೆ ಅಳತೆಗೆ ಕರೆಯಲಿಲ್ಲ. ಆದರೆ ಬಟ್ಟೆಗಳು ಬರುತ್ತಲೇ ಇದ್ದವು. ಪರದೆಯಿಂದ ಲಂಗ, ದಿಂಬಿನ ಚೀಲದಿಂದ ಚಡ್ಡಿ, ಸವೆದ ಟವೆಲಿನಿಂದ ಮೊಲದ ಕಿವಿ. ಯಾವುದೂ ಬಿಗಿಯಿಲ್ಲ, ಯಾವುದೂ ಸಡಿಲವಿಲ್ಲ.

"ಅಳತೆ ಇಲ್ದೆ ಅದು ಹೇಗೆ ಹೊಲೀತೀರಿ?"

"ಕಣ್ಣಳತೆ ಕಣೇ."

ಒಮ್ಮೆ ಸೊಸೆ ಕೆಲಸದಿಂದ ಬೇಗ ಹೊರಟು, ಶಿಶುವಿಹಾರದಿಂದ ಮಗಳನ್ನು ಎತ್ತಿಕೊಂಡು ಬಂದಾಗ ಅತ್ತೆಯ ಕೋಣೆಗೆ ಚಿಲಕ ಹಾಕಿತ್ತು. ಒಳಗೆ ಒಂದು ಮಗು ಕಿಲಕಿಲ ನಕ್ಕಿತು. ತನ್ನ ಮಗಳೋ ತನ್ನ ಕಂಕುಳಲ್ಲೇ ಇದ್ದಳು. ಬಾಗಿಲು ತೆರೆಯುವಷ್ಟರಲ್ಲಿ ಒಳಗೆ ಅತ್ತೆ ಒಬ್ಬರೇ ಇದ್ದರು, ಹಿತ್ತಿಲ ಬಾಗಿಲು ಅಲುಗುತ್ತಿತ್ತು.

"ರೇಡಿಯೋ ಕಣೇ," ಎಂದರು. ಆ ಮನೆಯ ರೇಡಿಯೋ ಕೆಟ್ಟು ಕೂತು ವರ್ಷವಾಗಿತ್ತು.

* * *

ಇದೆಲ್ಲ ಈಗ ಸೊಸೆಯ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿತು. ಗಂಡನ ತೋಳು ಹಿಡಿದು ಅತ್ತೆಯ ಕೋಣೆಗೆ ಎಳೆದೊಯ್ದಳು.

"ಯಾರದು ಆ ಮಗು?"

"ಈಗ ಬೇಡ. ವ್ಯಾನು ಬಂದು ನಿಂತಿದೆ."

"ಈಗ್ಲೇ ಹೇಳಿ. ನಿಮ್ಮ ಶರ್ಟು ಅದ್ರ ಮೈಮೇಲಿದೆ. ನಾನೇನು ಕಿವೀಲಿ ಹೂವಿಟ್ಕೊಂಡಿದೀನಾ?"

"ನಿಂಗೆ ಹೇಳಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ."

"ಅಂದ್ರೆ ನಿಮ್ಮಮ್ಮಂಗೂ ಗೊತ್ತಿತ್ತು!"

"ಗೊತ್ತಿತ್ತು ಅಂದ್ರೇನು? ಅದನ್ನ ಒಳಗೆ ಕರ್ಕೊಂಡಿದ್ದೇ ಅಮ್ಮ."

ಬಾಗಿಲಲ್ಲಿ ಆ ಯುವತಿ ಮಗುವನ್ನೆತ್ತಿಕೊಂಡು ನಿಂತಿದ್ದಳು.

"ಅಕ್ಕ, ಅವ್ರನ್ನ ಬೈಬೇಡಿ. ಶರ್ಟು ಸುಟ್ಟಿದ್ದು ನಾನು. ಪಕ್ಕದ ಬೀದಿ ಇಸ್ತ್ರಿ ಅಂಗಡಿ ನಮ್ದೇ."

ಬಟ್ಟೆ ಇಸ್ತ್ರಿಗೆ ಕೊಡುವುದು, ತರುವುದು ಎಲ್ಲ ಅತ್ತೆಯದೇ ಕೆಲಸವಾಗಿತ್ತು. ಸೊಸೆ ಆ ಅಂಗಡಿಯ ಕಡೆ ತಲೆ ಹಾಕಿದವಳೇ ಅಲ್ಲ.

"ಬೆನ್ನಿನ ಹತ್ರ ಸುಟ್ಹೋಯ್ತು. ನಡುಗ್ತಾ ತಂದೆ. ಅಮ್ಮ ಶರ್ಟು ನೋಡ್ಲೇ ಇಲ್ಲ, ನನ್ನ ಮಗೂನ ನೋಡಿದ್ರು. ನಮ್ಮ ಕೂಸಿನ ಅಳತೇನೇ ಇದೆ, ಒಂದ್ ಸ್ವಲ್ಪ ನಿಲ್ಲಿಸ್ತೀಯಾ ಅಂದ್ರು. ಆಮೇಲೆ ಏನು ಹೊಲಿದ್ರೂ ಇವಳ ಮೈಮೇಲೇ ಹಾಕಿ ನೋಡೋರು. ಒಂದು ನಿಮ್ಮ ಮಗೂಗೆ, ಒಂದು ಇವಳಿಗೆ."

"ನಂಗ್ಯಾಕೆ ಹೇಳ್ಲಿಲ್ಲ?" ಸೊಸೆ ಗಂಡನನ್ನು ಕೇಳಿದಳು.

"ಇಸ್ತ್ರಿಯವಳ ಮಗು ಹಾಕಿ ಬಿಚ್ಚಿದ್ದು ಅಂತ ಗೊತ್ತಾದ್ರೆ ನೀನು ನಮ್ಮ ಮಗೂಗೆ ಹಾಕಲ್ಲ ಅಂತ ಅಮ್ಮನಿಗೆ ಹೆದರಿಕೆ."

ಅತ್ತೆ ಸೊಸೆಯನ್ನು ಸರಿಯಾಗಿಯೇ ಅಳೆದಿದ್ದರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಒಂದೇ ಒಂದು ಅನುಮಾನ ಉಳಿದಿತ್ತು.

"ಇವಳಿಗೆ ಪಿನ್ನು ಚುಚ್ತಿರ್ಲಿಲ್ವಾ?"

"ಚುಚ್ಚಿದ್ರೆ ಅಮ್ಮನಿಗೇ," ಎಂದಳು ಯುವತಿ. "ಬಟ್ಟೆ ಒಳಗಡೆ ಬೆರಳು ಇಟ್ಕೊಂಡೇ ಪಿನ್ನು ಹಾಕೋರು."

ಹೊರಗೆ ದೊಡ್ಡಮ್ಮ ಜೋರಾಗಿ ಕೂಗಿದರು: "ಬನ್ರೋ, ಎತ್ತುತ್ತಾ ಇದಾರೆ!" ಗಂಡ ಕಣ್ಣೊರೆಸಿಕೊಂಡು ಓಡಿದ. ಸೊಸೆಗೂ ಹೋಗಬೇಕಿತ್ತು. ಹೋಗುವ ಮೊದಲು ಆ ಮಗುವಿಗೆ ಏನಾದರೂ ಕೊಡಬೇಕೆನ್ನಿಸಿ ಎರಡನೆಯ ಆಮೆಯನ್ನು ಕೈಗೆತ್ತಿಕೊಂಡು ಮುಂದೆ ಚಾಚಿದಳು.

ಮಗು ಅದನ್ನು ತೆಗೆದುಕೊಳ್ಳಲಿಲ್ಲ. ಕೆಳಗಿಳಿದು, ಹೊಲಿಗೆ ಯಂತ್ರದ ಪಕ್ಕದ ಸ್ಟೂಲನ್ನು ತಾನೇ ಹತ್ತಿ, ಎರಡೂ ತೋಳು ಅಗಲಿಸಿ, ಉಸಿರು ಬಿಗಿಹಿಡಿದು ನಿಂತಿತು.

"ಆಯ್ತು ಅಂತ ಅವ್ರು ಹೇಳೋ ತನ್ಕ ಹೀಗೇ ನಿಲ್ತಾಳೆ ಅಕ್ಕ," ಎಂದಳು ಇಸ್ತ್ರಿಯವಳು.

ಹೊರಗೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು. ಮಗು ತೋಳುಗಳನ್ನು ಇನ್ನಷ್ಟು ಅಗಲಿಸಿ, ಬಾಗಿಲ ಕಡೆ ನೋಡಿತು.