ಶೇಷ ಉಳಿಯದ ಸಂಖ್ಯೆ

ಪರಿಮಳಾಳಿಗೆ ವರ ನೋಡುವುದೆಂದರೆ ಕಳ್ಳನನ್ನು ಹಿಡಿಯುವ ಕೆಲಸ. ಹಿಂದೆ ಬಂದವನೊಬ್ಬ ಇಂಜಿನಿಯರ್ ಎಂದು ಹೇಳಿಕೊಂಡಿದ್ದ. ನಿಶ್ಚಯವಾದ ಮೇಲೆ ನೋಡಿದರೆ ಹತ್ತನೆಯದೇ ಪಾಸಾಗಿರಲಿಲ್ಲ. ಅಂದಿನಿಂದ, ಸುರಪುರದ ಕಚೇರಿಯೊಂದರಲ್ಲಿ ಕ್ಲರ್ಕ್ ಆಗಿದ್ದ ಈಕೆ ಯಾರ ಮಾತನ್ನೂ ಒರೆಗೆ ಹಚ್ಚದೆ ನಂಬುತ್ತಿರಲಿಲ್ಲ. ಮದುವೆಯಾದರೆ ಸುಳ್ಳಾಡದವನನ್ನೇ ಎಂದು ಹಟ ಹಿಡಿದಿದ್ದಳು.

ಈಗ ಬಂದಿದ್ದವನು ಬುದ್ಧಪ್ರಿಯ, ವನದುರ್ಗದ ಹೈಸ್ಕೂಲಿನ ಗಣಿತ ಮಾಸ್ತರ. ಅವನ ಬಗ್ಗೆ ಶಾಲೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಕಡೆಗೆ ಕಟಿಂಗ್ ಅಂಗಡಿಯಲ್ಲೂ ವಿಚಾರಿಸಿದ್ದಾಯಿತು. ಎಲ್ಲಿಯೂ ಕೊಂಕು ಸಿಗಲಿಲ್ಲ. ಅದಕ್ಕೇ ಅವಳ ಅನುಮಾನ ಇನ್ನಷ್ಟು ಬಲಿಯಿತು. ಆದರೂ ಹೇಳಿಯೇ ಬಿಡಬೇಕು, ಅವನು ಅವಳಿಗೆ ಬಹಳ ಇಷ್ಟವಾಗಿದ್ದ.

ಭಾನುವಾರ ಫೋನಿನಲ್ಲಿ ಅವನೆಂದ: “ನನ್ನ ಹುಟ್ಟಿದ ತಾರೀಖಿನ ಮುಂದ ನಿಮ್ದು ಬರದ್ರ ಹದಿನಾರು ಅಂಕಿ ಸಂಖ್ಯಾ ಆಗ್ತದರಿ. ಒಂಬತ್ತರಿಂದ ಭಾಗಿಸಿದ್ರ ಏನೂ ಉಳಿಯಂಗಿಲ್ಲ. ನಮ್ಮಿಬ್ಬರ ನಡುವ ಶೇಷನ ಇಲ್ಲ ನೋಡ್ರಿ.”

ಅವಳು ನಕ್ಕಳು. ಫೋನಿಟ್ಟವಳೇ ಪರೀಕ್ಷಿಸಲು ಕುಳಿತಳು. ಅಂಕಿಗಳ ಮೊತ್ತ ಒಂಬತ್ತರಿಂದ ಭಾಗವಾದರೆ ಸಂಖ್ಯೆಯೂ ಆಗುತ್ತದೆ, ಶಾಲೆಯಲ್ಲಿ ಕಲಿತದ್ದೇ. ಮೊತ್ತ ಅರವತ್ತೊಂಬತ್ತು ಬಂತು. ಆರು ಉಳಿಯಿತು. ಇಷ್ಟು ಸಣ್ಣದಕ್ಕೇ ಸುಳ್ಳು ಹೇಳುವವನು ದೊಡ್ಡದಕ್ಕೆ ಬಿಟ್ಟಾನೆಯೇ?

ಮರುದಿನ ಸಂಜೆ ಶಹಾಪುರ ಬಸ್ ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡಳು.

“ನೀವು ಲೆಕ್ಕಾನ ಮಾಡಿಲ್ಲ. ಹುಡುಗಿ ಖುಷಿ ಆಗ್ಲಿ ಅಂತ ಬಾಯಿಗೆ ಬಂದದ್ದು ಹೇಳೀರಿ.”

“ಎರಡು ಸಲ ಮಾಡೇನ್ರಿ. ಮೊತ್ತ ಎಪ್ಪತ್ತೆರಡು.”

“ಅರವತ್ತೊಂಬತ್ತು!”

“ಹಂಗಾದ್ರ ಒಂದೊಂದ ಅಂಕಿ ಹೇಳ್ರಿ, ನೋಡೂಣು.”

ಅವನು ಹುಟ್ಟಿದ್ದು ತೊಂಬತ್ತಾರರ ಆಗಸ್ಟ್ ಹದಿನಾಲ್ಕು. ಪರಿಮಳಾ ಗೆದ್ದವಳ ಗತ್ತಿನಲ್ಲಿ ಶುರು ಮಾಡಿದಳು. “ಒಂದು, ನಾಕು, ಸೊನ್ನಿ, ಎಂಟು, ಒಂದು, ಒಂಬತ್ತು, ಒಂಬತ್ತು, ಆರು.” ಅವನು ಸರಿ ಎಂದು ತಲೆಯಾಡಿಸಿದ. “ಇನ್ನ ನಂದು. ಎರಡು, ಮೂರು, ಒಂದು, ಒಂದು, ಒಂದು, ಒಂಬತ್ತು, ಒಂಬತ್ತು...”

“ತಡೀರಿ. ನಿಮ್ಮಣ್ಣ ಜೂನ್ ಒಂದು, ತೊಂಬತ್ತೆಂಟು ಅಂದಿದ್ರಲ್ಲ?”

ಜೂನ್ ಒಂದು ಪರಿಮಳಾಳಿಗೆ ಶಾಲೆಯವರು ಕೊಟ್ಟ ಹುಟ್ಟುಹಬ್ಬ. ತಡವಾಗಿ ಶಾಲೆಗೆ ಬಂದ ಮಕ್ಕಳನ್ನೂ ಹೆಡ್‌ಮಾಸ್ತರರು ಆರು ವರ್ಷದವರೆಂದೇ ಹಿಡಿದು ಅದೇ ದಿನ ಬರೆದುಬಿಡುತ್ತಿದ್ದರು. ಅವಳ ತರಗತಿಯಲ್ಲಿ ಅರ್ಧ ಮಂದಿ ಒಂದೇ ದಿನ ಹುಟ್ಟಿದವರು. ಹುಡುಗಿ ದೊಡ್ಡವಳೆಂದರೆ ಸಂಬಂಧ ಮುರಿದೀತೆಂದು ಅಣ್ಣ ಆ ತಾರೀಖನ್ನೇ ಹೇಳಿದ್ದ, ಅವಳು ಸುಮ್ಮನಿದ್ದಳು. ನಿನ್ನೆ ಅವನ ಸುಳ್ಳು ಹಿಡಿಯುವ ಅವಸರದಲ್ಲಿ, ಅವ್ವ ಹೇಳಿದ ನಿಜವಾದ ದಿನವನ್ನು ಕೂಡಿಸಿಬಿಟ್ಟಿದ್ದಳು.

“ಕಡೀ ಅಂಕಿ ಯಾವುದರಿ?” ಎಂದ ಬುದ್ಧಪ್ರಿಯ.

ಎಂಟು ಎಂದುಬಿಟ್ಟರೆ ವರ್ಷವಾದರೂ ಉಳಿಯುತ್ತಿತ್ತು. ದಿನ ತಪ್ಪಿದ್ದಕ್ಕೆ ಏನಾದರೂ ನೆವ ಹುಡುಕಬಹುದಿತ್ತು.

“ಐದು,” ಎಂದಳು. “ನಿಮಗಿಂತ ನಾ ದೊಡ್ಡಾಕಿ.”

ಅವನು ಕಪ್ಪು ಕೆಳಗಿಟ್ಟ.

“ಇನ್ನೇನೇನು ಮುಚ್ಚಿಟ್ಟೀರಿ?”

ಇನ್ನೇನೂ ಇರಲಿಲ್ಲ. ಆದರೆ ಹಾಗೆಂದು ಯಾರಾದರೂ ಹೇಳಿದ್ದರೆ ತಾನು ನಂಬುತ್ತಿರಲಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.