ನೂರು ಮರ ಕೊಯ್ದ ಕೈ

"ಈ ಕೈಯಲ್ಲಿ ಯಾರ ಹೊಟ್ಟೆ ಕೊಯ್ಲಿಕ್ಕೆ ಹೊರಟದ್ದು ನೀನು?"

ದೊಡ್ಡಾಸ್ಪತ್ರೆಯ ತಪಾಸಣೆ ಕೋಣೆಯಲ್ಲಿ ಕನ್ನಡಕದ ಡಾಕ್ಟರು ಹೀಗೆ ಕೇಳಿದಾಗ ಪಕ್ಕದಲ್ಲಿದ್ದ ಇಬ್ಬರು ನಕ್ಕರು. ನನ್ನ ಮಗಳು ಶರ್ಮಿಳಾ ಎಡಗೈ ಚಾಚಿಯೇ ನಿಂತಿದ್ದಳು. ಹುಟ್ಟುವಾಗಲೇ ಅದರಲ್ಲಿ ಎರಡೇ ಬೆರಳು. ಪರೀಕ್ಷೆ ಪಾಸಾಗಿ, ಅಂಗವಿಕಲರ ಪಾಲಿನ ಮೆಡಿಕಲ್ ಸೀಟಿಗೆ ಅವಳ ಹೆಸರು ಬಂದಿತ್ತು. ಈ ಮೂವರು ಡಾಕ್ಟರುಗಳು ಅವಳಿಂದ ಆಗುತ್ತದೆ ಎಂದು ಬರೆದರೆ ಸೀಟು, ಇಲ್ಲವಾದರೆ ಇಲ್ಲ.

"ಕೈ ನೋಡಿದ್ರೆ ಸಾಲದು, ಅದು ಎಂತ ಮಾಡ್ತದೆ ನೋಡ್ಬೇಕು ಅಂತ ಕೋರ್ಟು ಹೇಳಿದೆ ಸರ್. ಎಂತಾದ್ರೂ ಕೊಡಿ, ಮಾಡಿ ತೋರಿಸ್ತೇನೆ."

"ಕೋರ್ಟು ಬಂದು ಆಪರೇಷನ್ ಮಾಡ್ತದಾ?"

ಅವರು ಒಂದು ಪೆನ್ನನ್ನೂ ಅವಳ ಕೈಗೆ ಕೊಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಗುತ್ತಿಗಾರಿನ ರಬ್ಬರ್ ತೋಟದಲ್ಲಿ ಅವಳು ದಿನಾ ಕಾಲೇಜಿಗೆ ಹೋಗುವ ಮೊದಲು ನನ್ನ ಜೊತೆ ನೂರು ಮರ ಕೊಯ್ಯುತ್ತಾಳೆ. ಹಾಲು ಇಳಿಸುವ ಈ ಟ್ಯಾಪಿಂಗಿನಲ್ಲಿ ತೊಗಟೆಯ ತೆಳ್ಳಗಿನ ಸಿಪ್ಪೆ ಮಾತ್ರ ಎದ್ದು ಬರಬೇಕು. ಕತ್ತಿ ಒಳಗೆ ತಾಗಿತೋ, ಮರಕ್ಕೆ ಗಾಯ. ನಾನು ಎಷ್ಟೋ ಮರಕ್ಕೆ ಗಾಯ ಮಾಡಿದ್ದುಂಟು, ಅವಳು ಒಂದಕ್ಕೂ ಮಾಡಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಜವಾನ ರಟ್ಟೆ ಹಿಡಿದು ಹೊರಗೆ ದೂಡಿದ. ನಾನು ಕೈ ಮುಗಿದುಕೊಂಡೇ ಹೊರಗೆ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಎಡಗೈಗೆ ಉಪಕರಣ ಹಿಡಿಯುವ ಸಾಮರ್ಥ್ಯವಿಲ್ಲ, ಅನರ್ಹ ಎಂದು ಕಾಗದ ಕೊಟ್ಟರು. ವಾಪಸು ಬರುವಾಗ ಪುತ್ತೂರಿನಲ್ಲಿ ಇಳಿದು ವಕೀಲರನ್ನು ಕಂಡೆವು. ಹೈಕೋರ್ಟಿಗೆ ಹೋಗಬಹುದು, ಆದರೆ ಕೇಸು ಮುಗಿಯುವಾಗ ಸೀಟು ಇನ್ನೊಬ್ಬರ ಪಾಲಾಗಿರುತ್ತದೆ ಎಂದರು. ಬಸ್ಸು ಸುಳ್ಯ ದಾಟುವವರೆಗೂ ಅವಳು ಆ ಕಾಗದವನ್ನು ಬಿಚ್ಚಿ ಓದುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು.

ತೋಟದ ಧಣಿ ಅಚ್ಚುತಣ್ಣ ಸುದ್ದಿ ಕೇಳಿ ಲೊಚಗುಟ್ಟಿದರು.

"ಹೋಗ್ಲಿ ಬಿಡು ಜತ್ತಪ್ಪ. ನಾಳೆಯಿಂದ ಅವಳನ್ನು ಪೂರ್ತಿ ಟ್ಯಾಪಿಂಗಿಗೇ ಹಾಕು ಮಾರಾಯ. ಅಷ್ಟು ಚೆಂದದ ಕೈ ಊರಲ್ಲಿ ಬೇರೆ ಯಾರಿಗುಂಟು?"

ಮರುದಿನ ಬೆಳಿಗ್ಗೆ ಧಣಿ ನೋಡುತ್ತಿದ್ದಂತೆಯೇ ಶರ್ಮಿಳಾ ಮೊದಲ ಮರಕ್ಕೆ ಕತ್ತಿ ಇಟ್ಟಳು. ಎರಡು ಬೆರಳಲ್ಲಿ ಹಿಡಿಯನ್ನು ಒತ್ತಿ, ಒಳಗಿನ ಮರ ಬೆಳ್ಳಗೆ ಕಾಣುವಷ್ಟು ಆಳಕ್ಕೆ ಎಳೆದಳು. ಎರಡನೆಯ ಮರಕ್ಕೂ ಹಾಗೆಯೇ.

"ಏ ಬೇವರ್ಸಿ, ಎಂತ ಮಾಡುದು ನೀನು?"

ಅವಳು ಮಡಚಿದ ಕಾಗದ ತೆಗೆದು ಅವರ ಮುಖದ ಮುಂದೆ ಹಿಡಿದಳು.

"ಈ ಕೈಗೆ ಕತ್ತಿ ಹಿಡಿಲಿಕ್ಕೆ ಆಗುದಿಲ್ಲ ಧಣಿ. ದೊಡ್ಡ ಡಾಕ್ಟರೇ ಬರೆದು ಕೊಟ್ಟಿದ್ದಾರೆ."

ತಪ್ಪಾಯ್ತು ಧಣಿ, ತಪ್ಪಾಯ್ತು ಎನ್ನುತ್ತ ನಾನು ಓಡಿಹೋಗಿ ಹಸಿ ಮಣ್ಣು ಬಾಚಿ ಮರದ ಗಾಯಕ್ಕೆ ಒತ್ತಿದೆ. ಮಣ್ಣಿನ ಎಡೆಯಿಂದ ಹಾಲು ಇಳಿಯುತ್ತಲೇ ಇತ್ತು. ಬೆನ್ನ ಹಿಂದೆ ಅವಳು ಮೂರನೆಯ ಮರಕ್ಕೆ ಕತ್ತಿ ಇಟ್ಟ ಸದ್ದು ಕೇಳಿಸಿತು.