ಕನ್ಲಯಾಳ ಎರಡು ಬಸ್ಸು

ಕಾರಿನ ಏಸಿಯ ಗಾಳಿ ನೇರ ಕುತ್ತಿಗೆಗೇ ಬಡಿಯುತ್ತಿದೆ, ಬಡಿಯಲಿ, ಈ ಕುತ್ತಿಗೆಗೆ ಅಷ್ಟಾದರೂ ಶಿಕ್ಷೆ ಬೇಡವೇ — ಗಾಜಿನಾಚೆ ಹಳದಿ ಬಸ್ಸು, ಒಂಬತ್ತು ಗಂಟೆಗೇ ಹ್ಯೂಸ್ಟನ್ನಿನ ಬಿಸಿಲು ಅದರ ಬೆನ್ನ ಮೇಲೆ ಕುಣಿಯುತ್ತಿದೆ, ಬಸ್ಸಿನ ಮೂತಿಯ ಹತ್ತಿರ ಒಂದು ನೀಲಿ ಅಂಗಿ, ಅದು ಕನ್ಲಯಾ, ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಅಗಲ ಅಂಚಿನ ಟೋಪಿ, ಕೈಯಲ್ಲಿ ರಟ್ಟು, ಪೆನ್ನು, ಅವನು ಪರೀಕ್ಷೆ ಮಾಡುವವನು. ಅವಳ ಬಲಗೈ ಬಸ್ಸಿನ ಮೇಲೆ ಊರಿದೆ, ಐದೂ ಬೆರಳು ಬಿಡಿಸಿ, ಅಂಗೈ ಪೂರ್ತಿ. ಬಾಯಿ ಆಡುತ್ತಿದೆ, ಏನು ಹೇಳುತ್ತಿದ್ದಾಳೆಂದು ಇಲ್ಲಿಗೆ ಕೇಳುವುದಿಲ್ಲ, ಜೊತೆಗೆ ಬಂದವರು ಕಾರಿನಿಂದ ಇಳಿಯಬಾರದಂತೆ, ಕೇಳಬೇಕಾಗಿಯೂ ಇಲ್ಲ, ನನಗೆ ಅದೆಲ್ಲ ಬಾಯಿಪಾಠ — ಇದು ಹೆಡ್‌ಲೈಟ್, ಬಗ್ಗಿಲ್ಲ, ಬಿರುಕಿಲ್ಲ, ಮುರಿದಿಲ್ಲ, ಭದ್ರವಾಗಿ ಕೂತಿದೆ — ಶಾಲೆಯ ಬಸ್ಸು ಓಡಿಸುವ ಲೈಸೆನ್ಸಿಗೆ ಮೊದಲು ಈ ಪಾರಾಯಣವಾಗಬೇಕು, ಬಸ್ಸಿಗೆ ಒಂದು ಪ್ರದಕ್ಷಿಣೆ, ಒಂದೊಂದು ಭಾಗವನ್ನೂ ಮುಟ್ಟಿ ಅದರ ಹೆಸರು, ಅದರ ಆರೋಗ್ಯ, ಎಲ್ಲ ಬಾಯಿಬಿಟ್ಟು ಇಂಗ್ಲಿಷಿನಲ್ಲಿ. ಇದು ಮೂರನೇ ಸಲ. ಎರಡು ಸಲ ಫೇಲ್. ಈ ಸಲವೂ ಆಗದಿದ್ದರೆ ಡಿಪೋದವರು ಆಗಸ್ಟಿನಲ್ಲಿ ಶಾಲೆ ಶುರುವಾಗುವಾಗ ಇವಳಿಗೆಂದು ಇಟ್ಟಿರುವ ಬಸ್ಸನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಇವಳು ಮತ್ತೆ ಅಕ್ಕನ ಹೋಟೆಲಿನ ಹಿಂಬದಿಯ ಅಡುಗೆಮನೆಗೆ, ಹಸಿ ಪರಂಗಿಕಾಯಿ ತುರಿಯುವುದಕ್ಕೆ. ಎರಡು ಸಲ ಫೇಲಾದದ್ದು ಯಾರಿಂದ, ಹೇಳಮ್ಮ ಪದ್ಮಿನಿ, ದೊಡ್ಡ ಡಾಕ್ಟರು ನೀನು, ಹೇಳು — ಈ ನಿನ್ನ ಕುತ್ತಿಗೆಯಿಂದ.

ಮೈಸೂರು ಬಿಟ್ಟು ನಲವತ್ತೊಂದು ವರ್ಷ, ಅದರಲ್ಲಿ ಮೂವತ್ತನಾಲ್ಕು ವರ್ಷ ಆಪರೇಷನ್ನಿಗೆ ಮುಂಚೆ ಜನಕ್ಕೆ ಅರಿವಳಿಕೆ ಕೊಡುವ ಕೆಲಸ, ಮೊದಲು ಡಲ್ಲಾಸ್, ಆಮೇಲೆ ಹ್ಯೂಸ್ಟನ್, ರಿಟೈರ್ ಆದ ಮೇಲೆ ಫುಲ್‌ಶೀರ್‌ನ ಹೊಸ ಬಡಾವಣೆ, ಎರಡು ತಿಂಗಳಲ್ಲಿ ಗೋಡೆ ನೋಡಿ ಸಾಕಾಗಿ ಲೈಬ್ರರಿಯಲ್ಲಿ ಮಂಗಳವಾರ ಮಂಗಳವಾರ ಇಂಗ್ಲಿಷ್ ಹೇಳಿಕೊಡುತ್ತೇನೆಂದು ಹೆಸರು ಬರೆಸಿದೆ, ಅಲ್ಲಿ ಮೇಜಿನ ಮೂಲೆಯಲ್ಲಿ ಈ ಐವತ್ತೆರಡರ ಹೆಂಗಸು, ನಮ್ಮ ಕಡೆಯ ಕಲ್ಯಾಣಿ ಅನ್ನುವ ಹೆಸರಿಗೆ ತಂಗಿಯೇನೋ ಅನ್ನಿಸುವ ಹೆಸರು, ನಿಮ್ಮೂರು ಯಾವುದು ಅಂದರೆ ನಗು, ಇಂದು ಸೆಕೆ ಅಲ್ಲವೇ ಅಂದರೆ ನಗು, ನಾಲ್ಕು ಮಂಗಳವಾರ ಬರೀ ನಗು, ಈಯಮ್ಮ ಇಂಗ್ಲಿಷ್ ಕಲಿತ ಹಾಗೇ ಅಂದುಕೊಂಡೆ, ಅಂದುಕೊಂಡಿದ್ದು ತಪ್ಪು, ಅವಳು ಕಾಯುತ್ತಿದ್ದಳು. ಐದನೇ ವಾರ ಚೀಲದಿಂದ ಒಂದು ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು, ಬಸ್ಸಿನ ತಪಾಸಣೆಯ ಕೈಪಿಡಿ, ನಲವತ್ತು ಪುಟ, ಪ್ರತಿ ಸಾಲಿನ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಥಾಯ್ ಅಕ್ಷರ, ಒಂದು ಸಾಲೂ ಬಿಟ್ಟಿಲ್ಲ, ಬೆರಳಿಟ್ಟು ಹೇಳಿದಳು, ಐ ವಾಂಟ್ ದಿಸ್. ಹವಾಮಾನ ಬೇಡ, ಹವ್ಯಾಸ ಬೇಡ, ಇದು ಬೇಕು. ಆಮೇಲೆ ಫೋನಿನಲ್ಲಿ ಫೋಟೋ ತೋರಿಸಿದಳು, ಖೋನ್ ಕೇನ್ ಅಂತ ಅವಳ ಊರು, ಹಿಂದೆ ಎರಡು ಬೆಂಚು ಹಾಕಿದ ಕೆಂಪು ಗಾಡಿ, ಜನ ಹತ್ತುವುದು ಇಳಿಯುವುದು, ಹನ್ನೆರಡು ವರ್ಷ ಓಡಿಸಿದ್ದಾಳೆ, ಒಂದು ಕೋಳಿಗೂ ಪೆಟ್ಟಾಗಿಲ್ಲ ಎಂದು ಕೈಸನ್ನೆಯಲ್ಲೇ ತಿಳಿಸಿದಳು. ಇಲ್ಲಿಗೆ ಬಂದು ಒಂಬತ್ತು ವರ್ಷ, ಅದೂ ಅಕ್ಕನ ಹೋಟೆಲು, ಮೊದಲು ಡಲ್ಲಾಸಿನಲ್ಲಿ, ಈಗ ಇಲ್ಲಿ, ಪರಂಗಿಕಾಯಿಗೆ ಇಂಗ್ಲಿಷ್ ಯಾಕೆ ಬೇಕು, ಕಸ ಹಾಕಲು ಹಿಂಬಾಗಿಲು ತೆಗೆದಾಗಲೆಲ್ಲ ಸಿಗ್ನಲ್ಲಿನಲ್ಲಿ ಒಂದು ಹಳದಿ ಬಸ್ಸು, ಅದರ ಡ್ರೈವರು ತಿರುವನ್ನು ತೀರಾ ಅಗಲಕ್ಕೆ ತೆಗೆದುಕೊಳ್ಳುತ್ತಾನೆ, ನಾನಾದರೆ ಹಾಗೆ ತಿರುಗಿಸುವುದಿಲ್ಲ ಅನ್ನಿಸುತ್ತಿತ್ತಂತೆ ಅವಳಿಗೆ. ಅಲ್ಲಿಂದ ಹುಟ್ಟಿದ್ದು ಇದು.

ದಿನಕ್ಕೆ ಆರು ಭಾಗ. ಅಡುಗೆಮನೆಯ ಫ್ರಿಜ್ಜಿನ ಮೇಲೆ ಚೀಟಿ, ತುರಿಯುತ್ತಾ ತುರಿಯುತ್ತಾ ಬ್ರೇಕಿನ ಕೊಳವೆಯ ವರದಿಯನ್ನು ಪರಂಗಿಕಾಯಿಗೆ ಒಪ್ಪಿಸುತ್ತಿದ್ದಳಂತೆ, ಮಾತಿನ ಕೊನೆಯ ಅಕ್ಷರ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ತುಟಿಯ ಮುಂದೆ ಒಂದು ತೆಳು ಕಾಗದ ಹಿಡಿದುಕೊಂಡು ಹೇಳು, ಕಾಗದ ಅಲುಗಾಡಿದರೆ ಸರಿ ಅಂದೆ, ಮುಂದಿನ ವಾರ ಬಂದಾಗ ಆ ಕಾಗದ ಎಂಜಲಿನಿಂದ ಮೆತ್ತಗಾಗಿತ್ತು, ಅಕ್ಷರ ನಿಂತಿತ್ತು. ನಾನು ಇಂಗ್ಲಿಷ್ ಮೀಡಿಯಮ್ಮು, ಚಿನ್ನದ ಪದಕ, ಆದರೂ ಡಲ್ಲಾಸಿಗೆ ಬಂದ ಮೊದಲ ಎರಡು ವರ್ಷ ಫೋನ್ ರಿಂಗಾದರೆ ಬಾತ್‌ರೂಮಿಗೆ ಹೋಗುತ್ತಿದ್ದೆ, ಗಂಡ ವೇಣುಗೋಪಾಲನೇ ಎತ್ತಲಿ ಎಂದು, ಇವಳನ್ನು ನೋಡಿದರೆ ನಾಚಿಕೆಯಾಗುತ್ತದೆ, ಹೆಮ್ಮೆಯೂ ಆಗುತ್ತದೆ, ಯಾರ ಮೇಲಿನ ಹೆಮ್ಮೆಯೋ. ಬಸ್ಸಿಲ್ಲದೆ ಬಸ್ಸು ಹೇಗೇ ಕಲೀತಾಳೆ, ಇರು ನಾನು ಬರ್ಕೊಡ್ತೀನಿ ಅಂದ ವೇಣು, ಎಪ್ಪತ್ತೊಂದರ ಇಂಜಿನಿಯರು, ಮಂಡಿ ನೋವು ಮರೆತು ನಮ್ಮ ಡ್ರೈವ್‌ವೇ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಬಸ್ಸು ಬರೆದ, ನಿಜದ ಅಳತೆ, ಹಿಂದಿನ ಚಕ್ರ ಫುಟ್‌ಪಾತ್ ದಾಟಿ ರಸ್ತೆಗೆ ಹೋಯಿತು, ನಾಲ್ಕನೇ ದಿನ ಬಡಾವಣೆಯ ಸಂಘದಿಂದ ಕಾಗದ ಬಂತು, ಅನುಮತಿಯಿಲ್ಲದ ಚಿತ್ರ ಅಳಿಸಿ ಅಂತ, ಅಳಿಸಿ ಮತ್ತೆ ಬರೆದ. ಅವಳು ಭಾಗದಿಂದ ಭಾಗಕ್ಕೆ ಕುಕ್ಕರಗಾಲಲ್ಲಿ ಕೂತು ಅಂಗೈ ಊರಿ ಹೇಳುವುದು, ನಾನು ಕುರ್ಚಿ ಹಾಕಿಕೊಂಡು ಕೇಳುವುದು, ಮುಗಿಯುವ ಹೊತ್ತಿಗೆ ಅವಳ ಅಂಗೈ ಪೂರ್ತಿ ಹಳದಿ, ಆ ಹಳದಿ ಕೈಯನ್ನೇ ಜೋಡಿಸಿ ನಮಸ್ಕಾರ, ಥ್ಯಾಂಕ್ಯೂ ಅಜಾನ್. ಅಜಾನ್ ಅಂದರೆ ಅವರಲ್ಲಿ ಮೇಷ್ಟ್ರು, ನನ್ನ ಕಿವಿಗೆ ಆಚಾರ್ಯ ಅಂತ ಕೇಳಿ ಒಳಗೊಳಗೇ ಉಬ್ಬುತ್ತಿದ್ದೆ, ಆಚಾರ್ಯರು.

ಹೆಡ್‌ಲೈಟ್ ಮುಗಿಯಿತು, ಬಾನೆಟ್ ಎತ್ತಿದ್ದಾರೆ, ಅವಳು ಒಳಗೆ ಬಗ್ಗಿ ತೋರಿಸುತ್ತಿದ್ದಾಳೆ, ಟೋಪಿಯೂ ಬಗ್ಗಿದೆ, ಬೆಲ್ಟು, ಕೊಳವೆ, ಸೋರಿಕೆಯಿಲ್ಲ, ಇಲ್ಲಿಯೇ ಮೊದಲ ಸಲ ಎಡವಿದ್ದು, ಈಗ ದಾಟಿದಳು, ಚಕ್ರದ ಹತ್ತಿರ ಬಂದಳು, ನೆಟ್ಟು ಒಂದೊಂದನ್ನೇ ಮುಟ್ಟುತ್ತಿದ್ದಾಳೆ — ಮೊದಲ ಸಲದ ಚೀಟಿಯಲ್ಲಿ ಬರೆದಿದ್ದರು, ಭಾಗಗಳು ಗೊತ್ತಿವೆ, ಆದರೆ ಸರಿಯಾಗಿ ಹೇಳಿದ್ದನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಎರಡನೇ ಸಲವೂ ಅದೇ, ಬಿರುಕಿಲ್ಲ ಎಂದು ಹೇಳಿ, ಕೈ ತೆಗೆದು, ಅವನ ಮುಖ ನೋಡಿ, ಬಿರುಕಿದೆ ಅಂದಳಂತೆ. ನಾನು ಅವಳನ್ನು ಕೂರಿಸಿಕೊಂಡು ಆತ್ಮವಿಶ್ವಾಸದ ಮೇಲೆ ಮುಕ್ಕಾಲು ಗಂಟೆ ಕೊರೆದೆ, ಅವಳು ನಗುತ್ತಾ ಕೇಳಿದಳು, ಯೆಸ್ ಅಜಾನ್, ಯೆಸ್ ಅಜಾನ್. ಹೋದ ವಾರದ ಹಿಂದಿನ ಭಾನುವಾರ ಆಸ್ಟಿನ್‌ನಿಂದ ಮಗ ಗೌರವ್ ಬಂದಿದ್ದ, ಅವನ ಮಗಳು ಅನಿಕಾ ಸುಮ್ಮನೆ ನಮ್ಮ ಪಾಠವನ್ನು ಫೋನಿನಲ್ಲಿ ತೆಗೆದಳು, ಹನ್ನೊಂದು ವರ್ಷದ ಹುಡುಗಿ, ನೋಡಿ ಕೇಳಿದಳು, ಅಜ್ಜಿ, ವೈ ಡು ಯು ಕೀಪ್ ಸೇಯಿಂಗ್ ನೋ ಟು ಹರ್? ನಾನೆಲ್ಲಿ ನೋ ಅಂದೆ ಪುಟ್ಟ, ಬಾಯೇ ಬಿಟ್ಟಿಲ್ಲ. ತೋರಿಸಿದಳು. ಕುರ್ಚಿಯ ಮೇಲೆ ನಾನು, ಎದುರು ಕನ್ಲಯಾ, ಅವಳು ಹೇಳುತ್ತಾಳೆ, ಚೆನ್ನಾಗಿ ಹೇಳುತ್ತಾಳೆ, ನನ್ನ ತಲೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಸಂಗೀತ ಕಛೇರಿಯಲ್ಲಿ ಮೊದಲ ಸಾಲಿನಲ್ಲಿ ಕೂತವರ ಹಾಗೆ ತೂಗುತ್ತಿದೆ, ತಕ್ಷಣ ಅವಳ ಕೈ ನೆಲದಿಂದ ಮೇಲೆ, ಮಾತು ಉಲ್ಟಾ.

ಅಯ್ಯೋ ನನ್ನ ತಲೆಯೇ. ಡಲ್ಲಾಸಿನ ಆಸ್ಪತ್ರೆಗೆ ಸೇರಿದ ಮೊದಲ ವರ್ಷವೇ ನಮ್ಮ ಹಿರಿಯ ಡಾಕ್ಟರು ಹೇಳಿದ್ದರು, ತಲೆ ಹಾಗೆ ಅಲ್ಲಾಡಿಸಬೇಡ, ಪೇಷೆಂಟ್ ಹೆದರುತ್ತಾರೆ, ಅಂದಿನಿಂದ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ತಲೆಯನ್ನು ಕಟ್ಟಿಹಾಕಿದ್ದೆ, ರಿಟೈರ್ ಆದದ್ದೇ ಅದು ಹಗ್ಗ ಬಿಚ್ಚಿಕೊಂಡಿದೆ, ನನಗೆ ಗೊತ್ತೇ ಆಗಿಲ್ಲ. ಅದೂ ಸುಮ್ಮಸುಮ್ಮನೆ ತೂಗುವುದಿಲ್ಲ ಅದು, ತೀರಾ ಹಿಡಿಸಿದರೆ ಮಾತ್ರ, ಅವಳು ಎಷ್ಟು ಚೆನ್ನಾಗಿ ಹೇಳಿದರೆ ಅಷ್ಟು ತೂಗಿದೆ, ಎಷ್ಟು ತೂಗಿದರೆ ಅಷ್ಟು ತಪ್ಪೆಂದು ತಿಳಿದಿದ್ದಾಳೆ, ನನ್ನ ಮೆಚ್ಚುಗೆಯೇ ಆರು ತಿಂಗಳು ಅವಳನ್ನು ತಿಂದಿದೆ, ಪರೀಕ್ಷೆಯಲ್ಲೂ ಎದುರಿನವನ ತಲೆ ಒಂದಿಷ್ಟು ಅಲುಗಿದರೆ ಸಾಕು, ಅವಳ ಕೈ ತಾನಾಗಿ ಎದ್ದಿರಬೇಕು. ಯಾಕೆ ಕೇಳಲಿಲ್ಲ ಕನ್ಲಯಾ, ಒಂದು ಸಲ ಕೇಳಬಾರದಿತ್ತೇ — ಅಜಾನ್ ದೊಡ್ಡವರು, ಅವರನ್ನು ಯಾಕೆ ಎಂದು ಕೇಳಿದರೆ ಅವರಿಗೆ ನೋವು, ನಮ್ಮಲ್ಲಿ ಕೇಳುವುದಿಲ್ಲ ಅಂದಳು. ನಾನು ಕೈ ಮುಗಿದೆ, ಕ್ಷಮಿಸು ಅಂದೆ, ನಾನು ಹಾಗೆಲ್ಲ ಅಂದವಳಲ್ಲ, ವೇಣುವಿಗೂ ಅಂದಿಲ್ಲ, ಅವಳು ಗಾಬರಿಯಾಗಿ ನನಗಿಂತ ಕೆಳಗೆ ಬಗ್ಗಿ ಕೈ ಮುಗಿದಳು, ನಾನು ಇನ್ನೂ ಬಗ್ಗಿದೆ, ಅವಳು ಇನ್ನೂ, ಸೀಮೆಸುಣ್ಣದ ಬಸ್ಸಿನ ನಡುವೆ ಇಬ್ಬರು ಹೆಂಗಸರು ನೆಲ ಮುಟ್ಟುವ ಹಾಗೆ, ಎದುರು ಮನೆಯವರು ಏನಂದುಕೊಂಡರೋ. ಆಮೇಲೆ ಅವಳು ನಕ್ಕಳು, ಇದು ಬೇರೆ ನಗು, ಹಲ್ಲು ಕಾಣುವ ನಗು, ಅಜಾನ್, ನಾನು ಮನೆಗೆ ಹೋಗಿ ದಿನಾ ಎರಡು ಓದುತ್ತೇನೆ, ಒಂದು ಪುಸ್ತಕದ ಬಸ್ಸು, ಒಂದು ಅಜಾನ್ ತಲೆಯ ಬಸ್ಸು, ನೌ ಐ ನೋ ಟೂ ಬಸ್. ಒಂದೂ ಗೊತ್ತಿಲ್ಲದವಳು ಅಂತ ನಾನು ಮುಕ್ಕಾಲು ಗಂಟೆ ಕೊರೆದ ಹೆಂಗಸಿಗೆ ಎರಡು ಬಸ್ಸು ಗೊತ್ತಿತ್ತು, ಸರಿಯಾದದ್ದು ಒಂದು, ನನ್ನನ್ನು ನೋಯಿಸದ ಹಾಗೆ ಉಲ್ಟಾ ಮಾಡಿ ಇಟ್ಟುಕೊಂಡದ್ದು ಇನ್ನೊಂದು, ಎರಡೂ ಪರಭಾಷೆಯಲ್ಲಿ, ಎರಡೂ ಕಂಠಪಾಠ, ಆ ರಾತ್ರಿ ನಾನು ಅತ್ತೆ, ನಿಜ ಹೇಳಬೇಕೆಂದರೆ ಅತ್ತೆ.

ಮರುದಿನ ವೇಣುವಿನ ಹಳೆಯ ಕುತ್ತಿಗೆ ಪಟ್ಟಿ ಹುಡುಕಿ ಕಟ್ಟಿಕೊಂಡು ಪಾಠಕ್ಕೆ ಕೂತೆ, ತಲೆ ಅಲ್ಲಾಡದು, ಆದರೆ ಭುಜ ಶುರುವಾಯಿತು, ಕನ್ಲಯಾ ಎದ್ದು ಬಂದು ಹಳದಿ ಬೆರಳಿನಿಂದಲೇ ಪಟ್ಟಿ ಬಿಚ್ಚಿದಳು. ನೋ ಅಜಾನ್. ಯು ಶೇಕ್. ಯು ಶೇಕ್ ಮೋರ್. ಮೈ ಹ್ಯಾಂಡ್ ಸ್ಟೇ. ಮೊದಲ ಸಲ ನನಗೆ ಆಜ್ಞೆ ಮಾಡಿದಳು, ಇಂಗ್ಲಿಷಿನಲ್ಲಿ ಮಾಡಿದಳು, ಅವತ್ತೇ ಅವಳು ಪಾಸು, ಯಾರು ಏನು ಬರೆದರೂ ಸರಿ ಅಂದುಕೊಂಡೆ, ಹಾಗಂದುಕೊಂಡರೆ ಬಸ್ಸು ಕೊಡುತ್ತಾರೆಯೇ, ಕೊಡುವುದಿಲ್ಲ. ಒಂಬತ್ತು ದಿನ ಬೇಕೆಂದೇ ತಲೆ ಅಲ್ಲಾಡಿಸಿದೆ, ಹುಬ್ಬು ಗಂಟಿಕ್ಕಿದೆ, ತ್ಚು ಅಂದೆ, ವೇಣುವನ್ನೂ ಕರೆದು ನಿಲ್ಲಿಸಿದೆ, ಮೊದಲ ಮೂರು ದಿನ ಅವಳ ಕೈ ಹಾರಿತು, ಹಾರಿದ ಕೈಯನ್ನು ತಾನೇ ಎಡಗೈಯಲ್ಲಿ ಹಿಡಿದು ಮತ್ತೆ ಊರಿದಳು, ನಾಲ್ಕನೆಯ ದಿನ ಬೆರಳಷ್ಟೇ ಎದ್ದವು, ಕೈ ಹಾರಲಿಲ್ಲ, ಆಮೇಲೆ ಬೆರಳೂ ಏಳಲಿಲ್ಲ, ಆದರೆ ಅದು ನನ್ನ ತಲೆ, ಪರಿಚಯದ ತಲೆ, ಸೀಮೆಸುಣ್ಣದ ಬಸ್ಸು.

ಬಸ್ಸಿನ ಹಿಂದಕ್ಕೆ ಬಂದರು, ಈಗ ನನಗೆ ನೇರ ಎದುರು, ತುರ್ತು ಬಾಗಿಲು, ಇದು ಕೊನೆಯದು, ಅವಳ ಅಂಗೈ ಬಾಗಿಲ ಮೇಲೆ, ಇದು ತುರ್ತು ಬಾಗಿಲು, ಬಗ್ಗಿಲ್ಲ, ಬಿರುಕಿಲ್ಲ — ಅವನ ತಲೆ ಅಲ್ಲಾಡಿತು. ಎಡಕ್ಕೆ ಬಲಕ್ಕೆ, ಟೋಪಿ ಸಮೇತ, ಜೋರಾಗಿ, ಯಾಕಪ್ಪ, ನೊಣವೇ, ಬೆವರೇ, ಕಣಜವೇ, ಇಲ್ಲ ನಿಜಕ್ಕೂ ತಪ್ಪೇ, ನನಗೆ ಗೊತ್ತಾಗುತ್ತಿಲ್ಲ, ಅವಳಿಗೂ ಗೊತ್ತಿಲ್ಲ, ಅವಳು ತಿರುಗಿ ಅವನ ಮುಖ ನೋಡಿದಳು, ಅಯ್ಯೋ ನೋಡಬೇಡ, ನೋಡಿದಳು, ಬಾಯಿ ನಿಂತಿತು, ಇಲ್ಲಿಂದಲೇ ಎರಡನೇ ಬಸ್ಸು ಶುರುವಾಗುವುದು, ಮೊದಲು ಕೈ ಮೇಲೆ ಬರುತ್ತದೆ, ಆಮೇಲೆ ಮಾತು ಉಲ್ಟಾ, ಕೈ ತೆಗೆಯಬೇಡ, ಕನ್ಲಯಾ, ಕೈ ತೆಗೆಯಬೇಡವೇ, ಸ್ಟೇರಿಂಗನ್ನು ನಾನು ಯಾಕೆ ಹೀಗೆ ಹಿಡಿದಿದ್ದೇನೆ, ಅವನ ತಲೆ ಇನ್ನೂ ಅಲ್ಲಾಡುತ್ತಿದೆ, ಅವಳು ಅವನನ್ನೇ ನೋಡುತ್ತಿದ್ದಾಳೆ, ಬಾಯಿ ಮತ್ತೆ ತೆರೆಯಿತು, ಮೊದಲಿನಿಂದ ಹೇಳುತ್ತಿದ್ದಾಳೆ, ತುಟಿಯಲ್ಲೇ ಓದಬಲ್ಲೆ, ಒಂದೊಂದೇ, ಕೊನೆಯ ಅಕ್ಷರದವರೆಗೂ, ಬಗ್ಗಿಲ್ಲ, ಬಿರುಕಿಲ್ಲ, ಮುರಿದಿಲ್ಲ, ಅವನ ಪೆನ್ನು ರಟ್ಟಿನ ಮೇಲೆ ಆಡಿತು, ಇಲ್ಲಿ ನನ್ನ ತಲೆ ತೂಗುತ್ತಿದೆ, ತೂಗಲಿ, ಕೈ ಅಲ್ಲೇ ಇದೆ, ಹಳದಿಯ ಮೇಲೆ, ಐದೂ ಬೆರಳು ಬಿಡಿಸಿ, ಅಂಗೈ ಪೂರ್ತಿ, ಅಲ್ಲೇ ಇದೆ, ಕೈ